ಒಂದು ಸಿಂಹಾಸನ, ಏಳು ಸಿಂಹಗಳು

ಚಿತ್ರಮಂದಿರದ ದೀಪಗಳು ಆರಿ, ಕಥೆಯಿನ್ನೂ ಮೊದಲಾಗದಿರುವ ಆ ಕೆಲವು ಕ್ಷಣಗಳಲ್ಲಿ, ಹೊಂಬಣ್ಣದ ವರ್ತುಲವೊಂದರ ಒಳಗಿನಿಂದ ಸಿಂಹವೊಂದು ತಲೆಯೆತ್ತಿ, ಕತ್ತನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಾಯ್ದೆರೆದು ಗರ್ಜಿಸಿ, ಅನಂತರ ಸಾವಧಾನವಾಗಿ ಪ್ರೇಕ್ಷಕರತ್ತ ನೋಡುವ ದೃಶ್ಯವನ್ನು ಕಂಡರಿಯದವರು, ಸಿನಿಮಾ ನೋಡುವ ಅಭ್ಯಾಸವುಳ್ಳವರಲ್ಲಿ ತೀರ ವಿರಳ. ಹಾಲಿವುಡ್ಡಿನ ಚಿತ್ರಗಳ ಗೊಡವೆಗೆ ಹೋಗದವರು ಕೂಡ, ಟಾಮ್ ಎಂಬ ಬೆಕ್ಕು ಜೆರ್ರಿ ಎಂಬ ಇಲಿಯನ್ನು ಅಟ್ಟಿಸಿಕೊಂಡು ಹೋಗುವ ಕಿರುಚಿತ್ರಗಳನ್ನು ಮನೆಯ ಮಕ್ಕಳೊಡನೆ ಕುಳಿತು ನೋಡುವಾಗ, ಅವುಗಳ ಆದಿಯಲ್ಲಿ ಇದೇ ಸಿಂಹವನ್ನು ಕಂಡಿರುತ್ತಾರೆ. ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಎಂಬ ಅಮೆರಿಕದ ಚಲಚ್ಚಿತ್ರ ಸಂಸ್ಥೆಯ ಲಾಂಛನವದು. ಆ ಸಂಸ್ಥೆ ಕಳೆದ ನೂರು ವರ್ಷಗಳಲ್ಲಿ ಹಲವು ಒಡೆಯರ ಕೈಗೆ ಹೋಯಿತು. ತಾನು ಬೆಳೆದ ಸ್ಟುಡಿಯೋವನ್ನು ಕಳೆದುಕೊಂಡಿತು. ತಾನೇ ನಿರ್ಮಿಸಿದ ಹಳೆಯ ಚಿತ್ರಗಳ ಸ್ವಾಮ್ಯವನ್ನೂ ಪರರಿಗೆ ಬಿಟ್ಟುಕೊಟ್ಟಿತು. ಸಿಂಹ ಮಾತ್ರ ಕದಲಲಿಲ್ಲ.

ಕದಲಲಿಲ್ಲವೆಂದರೆ ಒಂದೇ ಸಿಂಹ ಕುಳಿತೇ ಇದ್ದಿತೆಂದು ಅರ್ಥವಲ್ಲ. ನಮ್ಮ ನಾಡಿನ ಮಠಗಳಲ್ಲಿ ಪೀಠವೊಂದೇ ಆಗಿದ್ದು, ಅದನ್ನೇರಿದ ಯತಿಗಳು ಒಬ್ಬರಾದ ಮೇಲೊಬ್ಬರು ಒಂದೇ ಬಿರುದಿನಿಂದ ಕರೆಯಿಸಿಕೊಳ್ಳುವುದು ಹೇಗೋ ಹಾಗೆ, 1924ರಿಂದ ಈಚೆಗೆ ಏಳು ಸಿಂಹಗಳು ಆ ವರ್ತುಲದೊಳಗೆ ಕುಳಿತು, ಜನರ ಬಾಯಲ್ಲಿ ‘ಲಿಯೊ’ ಎಂಬ ಒಂದೇ ಹೆಸರನ್ನು ಪಡೆದು, ತಮ್ಮ ತಮ್ಮ ಕಾಲ ಮುಗಿದೊಡನೆ ಇಳಿದುಹೋದವು. ಆ ವರ್ತುಲ ಸ್ಥಿರವಾಗಿ ನಿಂತದ್ದರಿಂದ ಲಾಂಛನಕ್ಕೆ ದೀರ್ಘಾಯುಷ್ಯ ದೊರೆಯಿತೆಂದೂ, ಅದರೊಳಗೆ ನಿಜವಾಗಿ ಉಸಿರಾಡುವ ಪ್ರಾಣಿಯೊಂದು ಇದ್ದದ್ದರಿಂದ ಅದಕ್ಕೆ ಜೀವ ಬಂದಿತೆಂದೂ ನನ್ನ ಎಣಿಕೆ. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಉಳಿಸಿಕೊಳ್ಳಲು ಯತ್ನಿಸಿದಾಗಲೆಲ್ಲ ಏನಾಯಿತೆಂಬುದನ್ನು ಈ ಚಿಹ್ನೆಯ ಚರಿತ್ರೆಯೇ ತೋರಿಸುತ್ತದೆ.

ಸಿಂಹದ ಹುಟ್ಟು ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯ ಹುಟ್ಟಿಗಿಂತ ಹಳೆಯದು. 1916ರಲ್ಲಿ ಸ್ಯಾಮ್ಯುಯೆಲ್ ಗೋಲ್ಡ್‌ಫಿಶ್ ಎಂಬಾತನು ಎಡ್ಗರ್ ಸೆಲ್ವಿನ್ ಮೊದಲಾದವರೊಡನೆ ಕೂಡಿ, ತನ್ನ ಹೆಸರಿನ ಪೂರ್ವಾರ್ಧಕ್ಕೆ ಸೆಲ್ವಿನ್‌ನ ಹೆಸರಿನ ಉತ್ತರಾರ್ಧವನ್ನು ಬೆಸೆದು, ಗೋಲ್ಡ್‌ವಿನ್ ಪಿಕ್ಚರ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದನು. ಆ ಹೆಸರು ಅವನಿಗೆ ಎಷ್ಟು ಹಿಡಿಸಿತೆಂದರೆ, ಕೆಲಕಾಲದಲ್ಲಿಯೇ ಅದನ್ನು ತನ್ನ ಸ್ವಂತ ಹೆಸರನ್ನಾಗಿ ಮಾಡಿಕೊಂಡನು. ಈ ಹೊಸ ಕಂಪನಿಗೆ ಗುರುತೊಂದನ್ನು ಕಲ್ಪಿಸಿಕೊಡುವ ಕೆಲಸ, ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿ ಜಾಹೀರಾತು ಸಂಸ್ಥೆಯೊಂದರಲ್ಲಿ ಬರವಣಿಗೆಗೆ ಸೇರಿದ್ದ, ಇಪ್ಪತ್ತರ ಆಸುಪಾಸಿನ ಹೊವರ್ಡ್ ಡೀಟ್ಸ್ ಎಂಬ ತರುಣನ ಪಾಲಿಗೆ ಬಂದಿತು. ಆ ವಿಶ್ವವಿದ್ಯಾಲಯದ ಕ್ರೀಡಾತಂಡಗಳ ಗುರುತು ಸಿಂಹ. ತರುಣನು ತನಗೆ ಪರಿಚಿತವೂ ಪ್ರಿಯವೂ ಆಗಿದ್ದ ಅದನ್ನೇ ಆರಿಸಿಕೊಂಡನು. ಸಿಂಹವನ್ನು ಗರ್ಜಿಸೆಂದು ಹುರಿದುಂಬಿಸುವ ಆ ವಿಶ್ವವಿದ್ಯಾಲಯದ ಕ್ರೀಡಾಗೀತೆಯಿಂದಲೇ ಡೀಟ್ಸ್‌ನಿಗೆ ಈ ಕಲ್ಪನೆ ಹೊಳೆಯಿತೆಂದು ಹಲವು ಕಡೆ ಬರೆದಿರುವುದುಂಟು. ಆದರೆ ಆ ಗೀತೆ ರಚಿತವಾದದ್ದು 1923ರಲ್ಲಿ, ಎಂದರೆ ಸಿಂಹವು ಗೋಲ್ಡ್‌ವಿನ್ ಚಿತ್ರಗಳಲ್ಲಿ ಕಾಣಿಸಿಕೊಂಡು ಹಲವು ವರ್ಷಗಳಾದ ಮೇಲೆ. ಪ್ರಸಿದ್ಧ ಚಿಹ್ನೆಗಳಿಗೆ ಅಂದವಾದ ಜನ್ಮಕಥೆಯೊಂದು ತಾನಾಗಿ ಅಂಟಿಕೊಳ್ಳುತ್ತದೆ. ಕಾಲಾನುಕ್ರಮವನ್ನು ಪರಿಶೀಲಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಡೀಟ್ಸ್‌ನ ಕಲ್ಪನೆಗೆ ಲಯೊನೆಲ್ ರೈಸ್ ಎಂಬ ಚಿತ್ರಕಾರನು ರೂಪ ಕೊಟ್ಟನು. ಆ ರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಸಿಂಹದ ಮುಖದ ಆಕರ್ಷಣೆಯಲ್ಲಿ ಅದರ ಸುತ್ತಲಿನ ರಚನೆ ಕಣ್ತಪ್ಪಿಹೋಗುವುದೇ ಹೆಚ್ಚು. ವರ್ತುಲವೆಂದು ನಾವು ಕರೆಯುವುದು ವಾಸ್ತವವಾಗಿ ಬಳೆಯಲ್ಲ. ಅದು ಸಿನಿಮಾದ ಫಿಲ್ಮು ಪಟ್ಟಿ. ನಡುವೆ ವೃತ್ತಾಕಾರವಾಗಿ ಬಾಗಿ, ಇಕ್ಕೆಲಗಳಲ್ಲಿ ಸುರುಳಿಸುರುಳಿಯಾಗಿ ಚಾಚಿಕೊಂಡಿರುವ ಆ ಪಟ್ಟಿಯ ಮೇಲುಭಾಗದಲ್ಲಿ, ಕಲೆಗಾಗಿಯೇ ಕಲೆ ಎಂಬ ಅರ್ಥದ ‘ಆರ್ಸ್ ಗ್ರಾಶಿಯ ಆರ್ಟಿಸ್’ ಎಂಬ ಲ್ಯಾಟಿನ್ ನುಡಿ ಬರೆದಿದೆ. ಕೆಳಗೆ ನಾಟಕದ ಮುಖವಾಡವೊಂದಿದೆ. ಅದರ ಎರಡು ಬದಿಗಳಲ್ಲಿ ‘ಟ್ರೇಡ್’ ಎಂದೂ ‘ಮಾರ್ಕ್’ ಎಂದೂ ಕಾಣುತ್ತದೆ. ರಂಗಭೂಮಿಯ ಮುಖವಾಡ, ಚಲಚ್ಚಿತ್ರದ ಪಟ್ಟಿ, ಪ್ರಾಚೀನ ಭಾಷೆಯ ಧ್ಯೇಯವಾಕ್ಯ, ವ್ಯಾಪಾರದ ಮೊಹರು, ಇವೆಲ್ಲದರ ನಡುವೆ ವನ್ಯಮೃಗ. ಇಷ್ಟೊಂದು ವಸ್ತುಗಳನ್ನು ಒಂದೆಡೆ ತುರುಕಿದರೆ ಯಾವ ಚಿತ್ರವಾದರೂ ಕಿಕ್ಕಿರಿದು ಕೆಡುವುದು ಸಹಜ. ರೈಸ್‌ನ ಹೆಚ್ಚಳವೇನೆಂದರೆ, ಆತನು ಇವನ್ನೆಲ್ಲ ಅಂಚಿಗೆ ಸರಿಸಿ ನಡುವನ್ನು ಬರಿದಾಗಿ ಬಿಟ್ಟನು. ನಡುವೆ ಬಿಟ್ಟ ಆ ಬರಿಜಾಗದಲ್ಲಿಯೇ ಮುಂದಿನ ನೂರು ವರ್ಷಗಳ ಬದಲಾವಣೆಗಳೆಲ್ಲವೂ ನಡೆದದ್ದು. ಕಲೆಗಾಗಿ ಕಲೆಯೋ ಬಾಳಿಗಾಗಿ ಕಲೆಯೋ ಎಂಬ ವಾದವನ್ನು ನಮ್ಮ ಸಾಹಿತಿಗಳೂ ಬಹುಕಾಲ ನಡೆಸಿದ್ದಾರೆ. ಲಾಭಕ್ಕಾಗಿಯೇ ಹುಟ್ಟಿದ ಕಂಪನಿಯೊಂದು ಆ ವಾದದ ಒಂದು ಪಕ್ಷವನ್ನು ತನ್ನ ಹಣೆಯ ಮೇಲೆ ಬರೆದುಕೊಂಡುದನ್ನು ಕೇವಲ ಸೋಗೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅಲ್ಲಿ ದುಡಿದ ಚಿತ್ರಕಾರರು, ಬಡಗಿಗಳು, ಸಂಗೀತಗಾರರು, ಛಾಯಾಗ್ರಾಹಕರು ಮಾಡಿದ ಕೆಲಸದಲ್ಲಿ ಆ ನುಡಿಗೆ ತಕ್ಕ ಶ್ರದ್ಧೆ ಬೇಕಾದಷ್ಟು ಇದೆ.

ಸಿಂಹವು ಮೊದಲು ಕಾಣಿಸಿಕೊಂಡ ಗೋಲ್ಡ್‌ವಿನ್ ಚಿತ್ರ 1917ರ ‘ಪಾಲಿ ಆಫ್ ದ ಸರ್ಕಸ್’. 1924ರಲ್ಲಿ, ಚಿತ್ರಮಂದಿರಗಳ ದೊಡ್ಡ ಒಡೆಯನಾಗಿದ್ದ ಮಾರ್ಕಸ್ ಲೋ ಎಂಬಾತನು ಮೆಟ್ರೊ, ಗೋಲ್ಡ್‌ವಿನ್, ಮೇಯರ್ ಎಂಬ ಮೂರು ಕಂಪನಿಗಳನ್ನು ಒಂದುಗೂಡಿಸಿದಾಗ, ಗೋಲ್ಡ್‌ವಿನ್ ಕಂಪನಿಯ ಸ್ಟುಡಿಯೋದೊಡನೆ ಅದರ ಸಿಂಹವೂ ಹೊಸ ಸಂಸ್ಥೆಗೆ ಬಂದು ಸೇರಿತು. ಸಂಸ್ಥೆಯ ಹೆಸರಿನ ನಡುವೆ ನಿಂತಿರುವ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಮಾತ್ರ ಅದರೊಳಗೆ ಎಂದೂ ಕಾಲಿಡಲಿಲ್ಲ. ಪಾಲುದಾರರೊಡನೆ ವೈಮನಸ್ಯ ಬೆಳೆದು ಆತನು 1922ರಲ್ಲಿಯೇ ತನ್ನ ಕಂಪನಿಯಿಂದ ಹೊರಬಿದ್ದಿದ್ದನು. ಹೊಸ ಸಂಸ್ಥೆಯ ಚಿತ್ರಗಳಲ್ಲಿ ಸಿಂಹವನ್ನು ಮೊದಲು ಧರಿಸಿದ್ದು ‘ಹೀ ಹೂ ಗೆಟ್ಸ್ ಸ್ಲ್ಯಾಪ್ಡ್’. ಸ್ವೀಡನ್ನಿನಿಂದ ಬಂದಿದ್ದ ವಿಕ್ಟರ್ ಶೋಸ್ಟ್ರೋಮ್ ನಿರ್ದೇಶಿಸಿ, ಲಾನ್ ಚೇನಿ ವಿದೂಷಕನಾಗಿ ಅಭಿನಯಿಸಿದ ಆ ಚಿತ್ರವೂ ಸರ್ಕಸ್ಸಿನ ಕಥೆಯೇ. ಅದರ ಕೊನೆಯಲ್ಲಿ ದುಷ್ಟರನ್ನು ಕೊಲ್ಲುವುದು ಪಂಜರದಿಂದ ಬಿಟ್ಟ ಸಿಂಹವೇ. ಎರಡು ಸಂಸ್ಥೆಗಳ ಸಿಂಹಾರೋಹಣವೂ ಸರ್ಕಸ್ಸಿನ ಡೇರೆಯಲ್ಲೇ ನಡೆದುದು ಆಕಸ್ಮಿಕವಿರಬಹುದು. ಆದರೂ ಪಳಗಿಸಿದ ಕಾಡುಮೃಗವನ್ನು ನೋಡಲು ಕಾಸು ಕೊಟ್ಟು ಬಂದು ಕುಳಿತ ಜನರ ಕುತೂಹಲವೇ ಸಿನಿಮಾದ ಮೊದಲ ಬಂಡವಾಳವಾಗಿದ್ದಿತೆಂಬುದನ್ನು ನೆನೆದರೆ, ಈ ಯೋಗ ಅಷ್ಟೇನೂ ಅಸಂಗತವೆಂದು ತೋರದು.

ಸಂಸ್ಥೆಯ ಮೊದಲ ಸಿಂಹದ ಹೆಸರು ಸ್ಲ್ಯಾಟ್ಸ್. ಐರ್ಲೆಂಡಿನ ಡಬ್ಲಿನ್ ಮೃಗಾಲಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಇದನ್ನು ವೋಲ್ನಿ ಫೈಫರ್ ಎಂಬಾತನು ಪಳಗಿಸಿದನು. ಮೂಕಿ ಚಿತ್ರಗಳ ಕಾಲವಾದ್ದರಿಂದ ಸ್ಲ್ಯಾಟ್ಸ್ ಗರ್ಜಿಸಬೇಕಾಗಿರಲಿಲ್ಲ, ಗರ್ಜಿಸಲೂ ಇಲ್ಲ. ವರ್ತುಲದೊಳಗೆ ಕುಳಿತು, ಅತ್ತಿತ್ತ ನೋಡಿ, ಸುಮ್ಮನಾಗುತ್ತದೆ. ಅದರ ದೃಷ್ಟಿಯಲ್ಲಿ ನಟನೆಯ ಲೇಶವೂ ಇಲ್ಲ. ಯಾರೋ ಕರೆದರೋ ಏನೋ ಎಂದು ತಿರುಗಿ ನೋಡುವ ಪ್ರಾಣಿಯ ಸಹಜವಾದ ಚಲನೆ ಅದು. ಈ ಏಳರ ಪೈಕಿ ನನಗೆ ಅತ್ಯಂತ ಘನವಾಗಿ ಕಾಣುವುದು ಈ ಮೌನಿ ಸಿಂಹವೇ. ಸಂಸ್ಥೆಯ ಪ್ರಚಾರಕ್ಕಾಗಿ ಊರೂರು ಸುತ್ತಿ, 1936ರಲ್ಲಿ ಅದು ಸತ್ತಾಗ, ಫೈಫರ್ ಅದನ್ನು ನ್ಯೂಜರ್ಸಿಯ ಗಿಲೆಟ್ ಎಂಬ ಊರಿನ ತನ್ನ ಜಮೀನಿನಲ್ಲಿ ಹೂಳಿದನು.

1928ರಲ್ಲಿ ಸಂಸ್ಥೆಯ ಚಿತ್ರಗಳಿಗೆ ಧ್ವನಿ ಬಂದೊಡನೆ ಲಾಂಛನಕ್ಕೂ ಧ್ವನಿ ಬೇಕಾಯಿತು. ಆ ಭಾರ ಬಿದ್ದದ್ದು ಜಾಕಿ ಎಂಬ ಎರಡನೆಯ ಸಿಂಹದ ಮೇಲೆ. ‘ವೈಟ್ ಶ್ಯಾಡೋಸ್ ಇನ್ ದ ಸೌತ್ ಸೀಸ್’ ಎಂಬ ಚಿತ್ರದ ಪ್ರಥಮ ಪ್ರದರ್ಶನದಲ್ಲಿ, ತೆರೆಯ ಮೇಲೆ ಸಿಂಹ ಬಾಯ್ದೆರೆಯುವ ಹೊತ್ತಿಗೆ ಸರಿಯಾಗಿ, ಗ್ರಾಮಫೋನ್ ತಟ್ಟೆಯಿಂದ ಅದರ ಗರ್ಜನೆ ಹೊರಟಿತು. ಮೊದಲು ಮೆಲ್ಲನೆಯದೊಂದು ಗುರುಗುಟ್ಟುವಿಕೆ, ಬಳಿಕ ಅದಕ್ಕಿಂತ ಜೋರಾದ ಗರ್ಜನೆ, ತುಸು ಬಿಡುವು, ಕಡೆಗೆ ಇನ್ನೊಂದು ಗುರುಗಾಟ; ಅನಂತರ ತೆರೆಯ ಬಲಗಡೆಗೆ ಒಂದು ನೋಟ. ಒಂದೇ ಬಾರಿಗೆ ದೊಡ್ಡದಾಗಿ ಅಬ್ಬರಿಸಿ ನಿಲ್ಲಿಸಿಬಿಟ್ಟಿದ್ದರೆ ಅದು ಬರಿಯ ಸದ್ದಾಗುತ್ತಿತ್ತು. ಏರಿಳಿತವೂ ವಿರಾಮವೂ ಇದ್ದುದರಿಂದ ಅದು ಮಾತಾಯಿತು. ಕ್ಯಾಮರಾದವನೊಬ್ಬ, ಧ್ವನಿಯಂತ್ರದವನೊಬ್ಬ ತಮ್ಮ ಸಲಕರಣೆಗಳೊಡನೆ ನಿಂತು, ಜಗಲಿಯಂತಹ ಪೀಠದ ಮೇಲೆ ಕುಳಿತ ಜಾಕಿಯನ್ನು ಚಿತ್ರಿಸುತ್ತಿರುವ ಹಳೆಯ ಛಾಯಾಚಿತ್ರವೊಂದು ಬಹಳ ಪ್ರಸಿದ್ಧವಾಗಿದೆ. ಅವರಿಗೂ ಸಿಂಹಕ್ಕೂ ನಡುವಣ ಅಂತರ ನೋಡುವವರ ಎದೆಯನ್ನು ಸ್ವಲ್ಪ ನಡುಗಿಸುವಷ್ಟು ಕಡಿಮೆ.

ಈ ಚಿತ್ರದ ಜೊತೆಯಲ್ಲಿಯೇ, ಸಿಂಹವನ್ನು ಮೇಜಿಗೆ ಬಿಗಿದು ಹಿಂಸಿಸಿ ಗರ್ಜಿಸುವಂತೆ ಮಾಡಿದರೆಂದು ಹೇಳುವ ಇನ್ನೊಂದು ಚಿತ್ರ ಈಚಿನ ವರ್ಷಗಳಲ್ಲಿ ಕೈಯಿಂದ ಕೈಗೆ ಹರಿದಾಡಿದೆ. ಅದು ಅಪ್ಪಟ ಸುಳ್ಳು. ಇಸ್ರೇಲಿನ ಪಶುವೈದ್ಯಾಲಯವೊಂದರಲ್ಲಿ ರೋಗದ ತಪಾಸಣೆಗಾಗಿ ಯಂತ್ರದೊಳಗೆ ಮಲಗಿಸಿದ್ದ ಬೇರೊಂದು ಸಿಂಹದ ಚಿತ್ರಕ್ಕೆ ಸಿನಿಮಾದ ಚೌಕಟ್ಟು ಅಂಟಿಸಿ ಮಾಡಿದ ಕೃತ್ರಿಮ. ಸರ್ಕಸ್ಸು ಸಿನಿಮಾಗಳಲ್ಲಿ ಪ್ರಾಣಿಗಳು ಪಟ್ಟ ಪಾಡು ಕಡಿಮೆಯೇನಲ್ಲ. ಆ ಸತ್ಯವನ್ನು ಹೇಳಲು ಇಂತಹ ಸುಳ್ಳಿನ ನೆರವು ಬೇಕಾಗಿಲ್ಲ.

ಪಾಡಿನ ಮಾತು ಬಂದಾಗ, ಜಾಕಿಯದೆಂದು ಸಾಮಾನ್ಯವಾಗಿ ಹೇಳಲಾಗುವ ಒಂದು ಸಂಗತಿಯನ್ನು ಬಿಡುವಂತಿಲ್ಲ. 1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಏಕಾಂಗಿಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ ವಿಮಾನವೆಂದರೆ ಅಮೆರಿಕದ ಜನಕ್ಕೆ ಹುಚ್ಚು ಹಿಡಿದಿತ್ತು. ಆ ಹುಚ್ಚಿನ ಲಾಭ ಪಡೆಯಲು ಸಂಸ್ಥೆಯ ಪ್ರಚಾರ ವಿಭಾಗವು, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಲಿಂಡ್‌ಬರ್ಗನ ವಿಮಾನವನ್ನು ಕಟ್ಟಿದ ರಯನ್ ಕಂಪನಿಯ ಇನ್ನೊಂದು ವಿಮಾನದಲ್ಲಿ ಪಂಜರವನ್ನು ಅಳವಡಿಸಿ, ಸಿಂಹವನ್ನು ಅದರಲ್ಲಿ ಕೂಡಿ, ಮಾರ್ಟಿನ್ ಜೆನ್ಸನ್ ಎಂಬ ಚಾಲಕನೊಡನೆ ಸ್ಯಾನ್ ಡಿಯೆಗೊದಿಂದ ನ್ಯೂಯಾರ್ಕಿಗೆ ಕಳುಹಿಸಿತು. ಭಾರ ಹೊತ್ತ ವಿಮಾನ ಅರಿಜೋನದ ಬೆಟ್ಟಗಳನ್ನು ದಾಟಲಾರದೆ ಕಣಿವೆಯೊಂದರಲ್ಲಿ ಬಿದ್ದಿತು. ಅದೃಷ್ಟವಶಾತ್ ಚಾಲಕನೂ ಬದುಕಿದನು, ಸಿಂಹವೂ ಬದುಕಿತು. ತನ್ನಲ್ಲಿದ್ದ ಆಹಾರವನ್ನೂ ನೀರನ್ನೂ ಪ್ರಾಣಿಗೆ ಇಟ್ಟು, ಜೆನ್ಸನ್ ಆ ಕಾಡುದಾರಿಯಲ್ಲಿ ನಡೆದು ಹೋಗಿ ಸಹಾಯವನ್ನು ತರುವಷ್ಟರಲ್ಲಿ ಕೆಲವು ದಿನಗಳೇ ಕಳೆದಿದ್ದವು. ಪತ್ರಿಕೆಗಳು ಇದನ್ನು ಸಾಹಸವೆಂದು ಹೊಗಳಿದವು. ಪ್ರಾಣಿಗೆ ‘ಅದೃಷ್ಟಶಾಲಿ ಲಿಯೊ’ ಎಂಬ ಬಿರುದು ಬಂದಿತು. ಮುರಿದ ವಿಮಾನದ ಪಕ್ಕದಲ್ಲಿ, ಪಂಜರದೊಳಗೆ, ಹಗಲು ರಾತ್ರಿಗಳನ್ನು ಏಕಾಕಿಯಾಗಿ ಕಳೆದ ಆ ಜೀವಕ್ಕೆ ಬಿರುದಿನಿಂದ ಏನಾಗಬೇಕಾಗಿತ್ತು? ಲಾಂಛನವೆಂಬುದು ಕಾಗದದ ಮೇಲಿನ ಗೆರೆಯಾಗಿರದೆ ಜೀವಂತ ಪ್ರಾಣಿಯಾಗಿದ್ದಾಗ, ಅದರ ಒಡೆಯರ ಮೇಲೆ ಬೀಳುವ ಹೊಣೆ ಬೇರೆ ಬಗೆಯದು. ಅಂದು ಅವರು ಅದನ್ನು ಮರೆತಿದ್ದರು.

ಧ್ವನಿಯ ಹಿಂದೆಯೇ ಬಣ್ಣ ಬಂದಿತು. ಕಪ್ಪು ಬಿಳುಪಿನ ಜಾಕಿಯನ್ನು ಬಣ್ಣದ ಚಿತ್ರದ ಆದಿಯಲ್ಲಿ ತೋರಿಸುವುದು ಸರಿಹೋಗದೆಂದು, ಎರಡು ವರ್ಣಗಳ ಟೆಕ್ನಿಕಲರ್ ಚಿತ್ರಗಳಿಗಾಗಿ ಟೆಲಿ, ಕಾಫಿ ಎಂಬ ಎರಡು ಸಿಂಹಗಳನ್ನು ಒಂದಾದ ಮೇಲೊಂದರಂತೆ ಚಿತ್ರೀಕರಿಸಿದರು. ಅವು ಬೇಗನೆ ಮರೆಯಾದವು. ಮೂರು ವರ್ಣಗಳ ಟೆಕ್ನಿಕಲರ್ ವಿಧಾನ ನೆಲೆಗೊಂಡಾಗ, 1934ರ ಸುಮಾರಿಗೆ, ಟ್ಯಾನರ್ ಎಂಬ ಸಿಂಹ ಬಂದಿತು. ಇಲ್ಲಿಂದ ಮುಂದೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು, 1956ರವರೆಗೆ, ಒಂದೇ ಸಿಂಹಾಸನದಲ್ಲಿ ಎರಡು ಸಿಂಹಗಳು ಏಕಕಾಲದಲ್ಲಿ ಆಳಿದವು: ಕಪ್ಪು ಬಿಳುಪಿನ ರಾಜ್ಯ ಜಾಕಿಯದು, ಬಣ್ಣದ ರಾಜ್ಯ ಟ್ಯಾನರನದು. ಟಾಮ್ ಮತ್ತು ಜೆರ್ರಿಯರ ಹಳೆಯ ಕಿರುಚಿತ್ರಗಳ ಮೊದಲಲ್ಲಿ ಕಾಣುವುದು ಟ್ಯಾನರನೇ. 1939ರ ‘ವಿಜರ್ಡ್ ಆಫ್ ಆಜ್’ ಚಿತ್ರದಲ್ಲಿ ಈ ಹಂಚಿಕೆಯ ಸೊಗಸಾದ ಅಪವಾದವೊಂದು ಸಿಕ್ಕುತ್ತದೆ. ಅದು ಬಣ್ಣಕ್ಕೆ ಹೆಸರಾದ ಚಿತ್ರ; ಆದರೆ ಅದರ ಮೊದಲ ಭಾಗ, ಕಾನ್ಸಸಿನ ಧೂಳು ತುಂಬಿದ ಹೊಲಮನೆಯಲ್ಲಿ ನಡೆಯುವ ಭಾಗ, ಕಂದು ಛಾಯೆಯಲ್ಲಿದೆ. ಆದಕಾರಣ ಅಲ್ಲಿ ಬರುವುದು ಬಣ್ಣದ ಟ್ಯಾನರನಲ್ಲ, ಕಂದು ಛಾಯೆಯನ್ನು ಹೊದ್ದ ಜಾಕಿ. ಲಾಂಛನವು ಕಥೆಯ ಹೊರಗಿನ ಮೊಹರಾಗಿ ನಿಲ್ಲದೆ ಕಥೆಯ ಹೊಸ್ತಿಲಾಗಬಲ್ಲುದೆಂಬ ಅರಿವು ಇಲ್ಲಿ ಮೊಳೆತಿರುವುದನ್ನು ಕಾಣಬಹುದು.

ಇದೇ ಕಾಲದಲ್ಲಿ ಸಿಂಹ ನಮ್ಮ ದೇಶಕ್ಕೂ ಬಂದು ಬೀಡುಬಿಟ್ಟಿತು. ಸಂಸ್ಥೆಯು ತನ್ನ ಚಿತ್ರಗಳ ಪ್ರದರ್ಶನಕ್ಕಾಗಿ ಕಲ್ಕತ್ತೆಯಲ್ಲಿ 1935ರಲ್ಲಿಯೂ ಮುಂಬಯಿಯಲ್ಲಿ 1938ರಲ್ಲಿಯೂ ‘ಮೆಟ್ರೊ’ ಎಂಬ ಹೆಸರಿನ ವೈಭವೋಪೇತವಾದ ಚಿತ್ರಮಂದಿರಗಳನ್ನು ಕಟ್ಟಿಸಿತು. ಧೋಬಿ ತಲಾವಿನ ಬಳಿ ದಾರಿಗಳು ಕೂಡುವಲ್ಲಿ ನಿಂತಿರುವ ಮುಂಬಯಿಯ ಕಟ್ಟಡವನ್ನು ಮುಂಬಯಿಯ ಕನ್ನಡಿಗರಿಗೆ ಪರಿಚಯ ಮಾಡಿಕೊಡಬೇಕಾದುದಿಲ್ಲ. ಇಂದು ಅದು ಬಹುಪರದೆಗಳ ಮಂದಿರವಾಗಿ, ಒಡೆತನವೂ ಬದಲಾಗಿ, ಸಿಂಹದೊಡನೆ ಇದ್ದ ಸಂಬಂಧ ಹೆಸರೊಂದರಲ್ಲಿ ಮಾತ್ರ ಉಳಿದಿದೆ.

1956ರಲ್ಲಿ ಜಾರ್ಜ್ ಎಂಬ, ದಟ್ಟವಾದ ಕೇಸರವುಳ್ಳ ಆರನೆಯ ಸಿಂಹ ಬಂದು, ಎರಡು ವರ್ಷ ತುಂಬುವ ಮೊದಲೇ ಹೋಯಿತು. 1957ರಲ್ಲಿ ಬಂದ ಏಳನೆಯದು, ಅದುವರೆಗೆ ಬಿರುದಾಗಿದ್ದ ಲಿಯೊ ಎಂಬುದನ್ನೇ ಸ್ವಂತ ಹೆಸರಾಗಿ ಉಳ್ಳದ್ದು. ಚಿತ್ರೀಕರಣದ ಕಾಲದಲ್ಲಿ ಅದಿನ್ನೂ ಎಳೆಯದಾದ್ದರಿಂದ ಅದರ ಕೇಸರ ಹಿಂದಿನವುಗಳಷ್ಟು ಹುಲುಸಾಗಿಲ್ಲ. ಮುಖ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಕೆಲವೇ ಕ್ಷಣಗಳ ಆ ಚಿತ್ರೀಕರಣವನ್ನು ಸಂಸ್ಥೆ 2021ರವರೆಗೆ, ಅರುವತ್ತನಾಲ್ಕು ವರ್ಷಗಳ ಕಾಲ, ಬಳಸಿತು. ಸಿಂಹದ ಆಯುಷ್ಯ ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ವರ್ಷ. ಲಿಯೊ ಸತ್ತು ಎಷ್ಟೋ ಕಾಲವಾದ ಮೇಲೂ ಅದರ ಯೌವನದ ಒಂದು ಮಧ್ಯಾಹ್ನವೋ ಬೆಳಗೋ ಲೋಕದ ತುಂಬ ಪ್ರತಿದಿನ ಮರುಕಳಿಸುತ್ತಲೇ ಇತ್ತು.

ಲಿಯೊನ ಕಾಲದಲ್ಲಿಯೇ ನಿರ್ದೇಶಕರು ಲಾಂಛನವನ್ನು ತಮ್ಮ ಚಿತ್ರದ ಭಾವಕ್ಕೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯವನ್ನು ಹೆಚ್ಚಾಗಿ ವಹಿಸಿದರು. ಹಿಚ್‌ಕಾಕನ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರದಲ್ಲಿ ಸಿಂಹದ ಹಿನ್ನೆಲೆಯೆಲ್ಲ ಹಸುರು. ಸಾಲ್ ಬಾಸ್ ರಚಿಸಿದ ಶೀರ್ಷಿಕೆಗಳ ಹಸುರು ಬಯಲೊಳಗೆ ಅದು ಕರಗಿಹೋಗುತ್ತದೆ. ಅದೇ 1959ರ ‘ಬೆನ್-ಹರ್’ ಚಿತ್ರದ ಉದಾಹರಣೆ ಇದಕ್ಕಿಂತಲೂ ಗಂಭೀರವಾದದ್ದು. ಆ ಚಿತ್ರ ಮೊದಲಾಗುವುದು ಯೇಸುವಿನ ಜನನದ ದೃಶ್ಯದಿಂದ. ಗೋದಲಿಯ ಶಾಂತಿಗೆ ಮುನ್ನ ಸಿಂಹಗರ್ಜನೆ ಮೊಳಗಿದರೆ ರಸಭಂಗವಾಗುವುದೆಂದು ನಿರ್ದೇಶಕ ವಿಲಿಯಂ ವೈಲರ್ ಭಾವಿಸಿದನು. ಸಂಸ್ಥೆ ಅದಕ್ಕೆ ಒಪ್ಪಿತು. ಚಿತ್ರದಲ್ಲಿ ಲಿಯೊ ವರ್ತುಲದೊಳಗೆ ಅಲುಗಾಡದೆ, ಬಾಯ್ದೆರೆಯದೆ, ಕೇವಲ ಇರುತ್ತದೆ. ಗರ್ಜಿಸುವುದಕ್ಕಾಗಿಯೇ ಕೂರಿಸಿದ ಮೃಗ ಗರ್ಜಿಸದಿರುವುದನ್ನು ಕಂಡಾಗ, ಮುಂದೆ ಬರುವುದು ಸಾಮಾನ್ಯ ಸಂಗತಿಯಲ್ಲವೆಂದು ಪ್ರೇಕ್ಷಕನಿಗೆ ತಾನಾಗಿ ಹೊಳೆಯುತ್ತದೆ. ಮೂವತ್ತು ವರ್ಷಗಳ ಗರ್ಜನೆಯನ್ನು ಕೇಳಿ ಕೇಳಿ ಜನಕ್ಕೆ ರೂಢಿಯಾಗಿದ್ದುದರಿಂದಲೇ ಆ ಮೌನಕ್ಕೆ ಅಷ್ಟು ಬೆಲೆ ಬಂದದ್ದು. ಇತ್ತ 1960ರ ದಶಕದಲ್ಲಿ ಚಕ್ ಜೋನ್ಸ್ ಹೊಸದಾಗಿ ನಿರ್ಮಿಸಿದ ಟಾಮ್ ಮತ್ತು ಜೆರ್ರಿ ಚಿತ್ರಗಳಲ್ಲಿ ಸಿಂಹ ಗರ್ಜಿಸಿದ ಮೇಲೆ ಅದೇ ವರ್ತುಲದಲ್ಲಿ ಟಾಮ್ ಬೆಕ್ಕು ಪ್ರತ್ಯಕ್ಷವಾಗಿ ‘ಮ್ಯಾವ್’ ಎನ್ನುತ್ತದೆ. ಆ ನಗೆ ಸಾಧ್ಯವಾಗಬೇಕಾದರೂ ಸಿಂಹಾಸನದ ಗೌರವ ಮೊದಲು ಸ್ಥಾಪಿತವಾಗಿರಬೇಕು.

1966ರಲ್ಲಿ ಸಂಸ್ಥೆಯವರಿಗೆ ಸಿಂಹ ಹಳೆಯದಾಯಿತೆಂದು ತೋರಿತು. ಕಂಪನಿಗಳೆಲ್ಲವೂ ತಮ್ಮ ಹಳೆಯ ಚಿತ್ತಾರದ ಗುರುತುಗಳನ್ನು ಕಳಚಿ, ನಾಲ್ಕಾರು ಗೆರೆಗಳ ಸರಳ ಚಿಹ್ನೆಗಳನ್ನು ಧರಿಸುತ್ತಿದ್ದ ಕಾಲವದು. ವರ್ತುಲದೊಳಗೆ ಸಿಂಹದ ತಲೆಯನ್ನು ಕೆಲವೇ ದಪ್ಪ ಗೆರೆಗಳಲ್ಲಿ ಬಿಡಿಸಿದ ನಿಶ್ಚಲವಾದ ಚಿಹ್ನೆಯೊಂದು ಸಿದ್ಧವಾಯಿತು. ‘ಗ್ರ್ಯಾನ್ ಪ್ರಿ’, ಸ್ಟ್ಯಾನ್ಲಿ ಕೂಬ್ರಿಕನ ‘2001: ಎ ಸ್ಪೇಸ್ ಒಡಿಸ್ಸಿ’ ಮೊದಲಾದ ಕೆಲವೇ ಚಿತ್ರಗಳಲ್ಲಿ ಅದು ಕಾಣಿಸಿಕೊಂಡಿತು. ರೇಖಾಚಿತ್ರವೆಂದು ನೋಡಿದರೆ ಅದರಲ್ಲಿ ಕುಂದೇನೂ ಇಲ್ಲ. ಕೂಬ್ರಿಕನ ಚಿತ್ರದ ಶೀತಲವಾದ ಗಾಂಭೀರ್ಯಕ್ಕೆ ಅದು ಒಪ್ಪುತ್ತದೆಂದೂ ಹೇಳಬೇಕು. ಆದರೂ ಎರಡು ವರ್ಷಗಳೊಳಗಾಗಿ ಸಂಸ್ಥೆ ಜೀವಂತ ಲಿಯೊನನ್ನು ಮರಳಿ ಕರೆತಂದಿತು. ರೇಖೆಯ ಸಿಂಹ ಸಂಸ್ಥೆಯ ಗಾನಮುದ್ರಿಕೆಗಳ ಮೇಲೂ, ಅನಂತರ ಲಾಸ್ ವೇಗಸಿನ ಹೋಟೆಲಿನ ಮೇಲೂ ಸುಖವಾಗಿ ಬಾಳಿತು. ಚಲಿಸುವ ಚಿತ್ರಗಳ ಮುಂದೆ ಚಲಿಸದ ಗುರುತು ನಿಲ್ಲಲಾರದೆ ಹೋಯಿತು.

ಆ ಬಳಿಕ ಸಂಸ್ಥೆಗೆ ಬಂದದ್ದು ಕೇಡುಗಾಲ. 1969ರಲ್ಲಿ ಕರ್ಕ್ ಕರ್ಕೋರಿಯನ್ ಎಂಬ ಧನಿಕನ ಕೈಗೆ ಅದು ಬಂದು, ಮರುವರ್ಷ ಸ್ಟುಡಿಯೋದ ಉಡುಪು, ಪೀಠೋಪಕರಣ, ಹಡಗು, ರಥಗಳೆಲ್ಲವೂ ಹರಾಜಾದವು. ‘ವಿಜರ್ಡ್ ಆಫ್ ಆಜ್’ ಚಿತ್ರದ ಕೆಂಪು ಪ್ರಭೆಯ ಪಾದರಕ್ಷೆಗಳು 15,000 ಡಾಲರಿಗೆ ಹೋದವು. 1974ರಲ್ಲಿ ಐವತ್ತು ತುಂಬಿದಾಗ ಸಂಸ್ಥೆ ತನ್ನ ಹಳೆಯ ಸಂಗೀತಚಿತ್ರಗಳ ತುಣುಕುಗಳನ್ನು ಪೋಣಿಸಿ ‘ದಟ್ಸ್ ಎಂಟರ್‌ಟೇನ್‌ಮೆಂಟ್!’ ಎಂಬ ಚಿತ್ರವನ್ನು ಹೊರತಂದಿತು. ಆ ಶೀರ್ಷಿಕೆ 1953ರ ‘ದ ಬ್ಯಾಂಡ್ ವ್ಯಾಗನ್’ ಚಿತ್ರದ ಹಾಡೊಂದರದು; ಆ ಹಾಡನ್ನು ಬರೆದವನು ಹೊವರ್ಡ್ ಡೀಟ್ಸ್. ಸಿಂಹವನ್ನು ಕಲ್ಪಿಸಿದ ತರುಣನು ಸಂಸ್ಥೆಯ ಪ್ರಚಾರದ ಮುಖ್ಯಸ್ಥನಾಗಿ ಬಹುಕಾಲ ದುಡಿಯುತ್ತ, ಜೊತೆಗೆ ಆರ್ಥರ್ ಶ್ವಾರ್ಟ್ಸ್‌ನ ಸಂಗೀತಕ್ಕೆ ಹಾಡುಗಳನ್ನು ಬರೆದು ಗೀತಕಾರನಾಗಿಯೂ ಹೆಸರಾಗಿದ್ದನು. ಸಂಸ್ಥೆಯ ಮುದ್ರೆಯನ್ನೂ ಅದರ ಸುವರ್ಣೋತ್ಸವದ ಶೀರ್ಷಿಕೆಯನ್ನೂ ಒಬ್ಬನೇ ಕೊಟ್ಟನೆಂಬುದು ಆತನ ಪಾಲಿನ ದೊಡ್ಡ ಸುಕೃತವೆಂದೇ ನಾನು ತಿಳಿಯುತ್ತೇನೆ.

ಗರ್ಜನೆಯ ವಿಚಾರದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. 1982ರ ‘ಪೋಲ್ಟರ್‌ಗೈಸ್ಟ್’ ಚಿತ್ರದ ಸಮಯದಲ್ಲಿ ಮಾರ್ಕ್ ಮಾಂಜಿನಿ ಎಂಬ ಶಬ್ದಶಿಲ್ಪಿಯು ಲಿಯೊನ ಗರ್ಜನೆಯನ್ನು ಸ್ಟೀರಿಯೊದಲ್ಲಿ ಹೊಸದಾಗಿ ರಚಿಸಿದನು. ಅದಕ್ಕಾಗಿ ಆತನು ಬಳಸಿದ್ದು ಹುಲಿಯ ಧ್ವನಿಯನ್ನು. ಸಿಂಹದ ನಿಜವಾದ ಗರ್ಜನೆ ಇರುಳಲ್ಲಿ ಎಂಟು ಕಿಲೋಮೀಟರ್ ದೂರಕ್ಕೂ ಕೇಳಿಸಬಲ್ಲುದು; ಆದರೆ ಅದು ಎದೆಯಾಳದಿಂದ ಹೊಮ್ಮಿ ಅಲೆಯಲೆಯಾಗಿ ಹರಡುವ ಸ್ವರವೇ ಹೊರತು, ಹಲ್ಲು ಕಿರಿದು ಮೇಲೆ ಬೀಳುವ ಅಬ್ಬರವಲ್ಲ. ತೆರೆಯ ಮೇಲೆ ಲಿಯೊ ತೆರೆಯುವ ಬಾಯಿಗೆ ಆ ಗಂಭೀರ ಸ್ವರಕ್ಕಿಂತ ಹುಲಿಯ ಮೊನಚಾದ ಅಬ್ಬರವೇ ಹೊಂದಿತು. ಹೀಗೆ, ಕಳೆದ ನಾಲ್ಕು ದಶಕಗಳಲ್ಲಿ ಲೋಕವು ಸಿಂಹಗರ್ಜನೆಯೆಂದು ಕೇಳಿ ರೋಮಾಂಚನಗೊಂಡದ್ದರಲ್ಲಿ ಬಹುಭಾಗ ವ್ಯಾಘ್ರದ್ದು. ಇದನ್ನು ಮೋಸವೆನ್ನಲಾರೆ, ನಾಟಕದಲ್ಲಿ ತಗಡಿನಿಂದ ಗುಡುಗನ್ನು ಹುಟ್ಟಿಸುವವನು ಮಾಡುವ ಕೆಲಸವೂ ಇಂತಹುದೇ.

2021ರ ಮಾರ್ಚಿನಲ್ಲಿ ಸಂಸ್ಥೆ ಲಿಯೊನನ್ನು ಕೆಳಗಿಳಿಸಿತು. ಈಗ ಅಲ್ಲಿರುವುದು ಲಿಯೊನನ್ನೇ ಮಾದರಿಯಾಗಿಟ್ಟುಕೊಂಡು ಗಣಕಯಂತ್ರದಲ್ಲಿ ರಚಿಸಿದ ಸಿಂಹ. ಆ ವರ್ಷವೇ ಅದು ಚಿತ್ರಮಂದಿರಗಳಿಗೆ ಬಂದಿತು. ಕೇಸರದ ಒಂದೊಂದು ಕೂದಲೂ ಎಣಿಸಬಹುದಾದಷ್ಟು ನಿಚ್ಚಳವಾಗಿದೆ. ಫಿಲ್ಮು ಪಟ್ಟಿ ನಿಜವಾದ ಚಿನ್ನದಂತೆ ಹೊಳೆಯುತ್ತ ಸುತ್ತಿಕೊಳ್ಳುತ್ತದೆ. ಧ್ಯೇಯವಾಕ್ಯ ಮೊದಲು ಇಂಗ್ಲಿಷಿನಲ್ಲಿ ಮೂಡಿ ಆಮೇಲೆ ಲ್ಯಾಟಿನ್ನಿಗೆ ತಿರುಗುತ್ತದೆ. ಇದನ್ನು ಮಾಡಿದವರ ಕೌಶಲ ದೊಡ್ಡದು. ಯಾವ ಪ್ರಾಣಿಯನ್ನೂ ಪಂಜರದಲ್ಲಿಡದೆ, ವಿಮಾನಕ್ಕೆ ಹೇರದೆ ಇದು ಸಾಧ್ಯವಾಗಿದೆಯೆಂಬುದನ್ನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಆದರೂ ಸ್ಲ್ಯಾಟ್ಸ್ ಅತ್ತಿತ್ತ ತಿರುಗಿ ನೋಡಿದ್ದರಲ್ಲಿ, ಜಾಕಿ ಗರ್ಜಿಸಿ ಬಲಗಡೆಗೆ ಕಣ್ಣು ಹೊರಳಿಸಿದ್ದರಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ನಡೆದುಹೋದ ಏನೋ ಒಂದಿತ್ತು. ಹೊಸ ಸಿಂಹದ ಪ್ರತಿಯೊಂದು ಚಲನೆಯೂ ಯಾರೋ ಒಬ್ಬರು ಆಲೋಚಿಸಿ ನಿಶ್ಚಯಿಸಿದ್ದು. 2022ರ ಮಾರ್ಚಿನಲ್ಲಿ ಸಂಸ್ಥೆಯನ್ನು ಅಮೆಜಾನ್ ಕಂಪನಿ 8.45 ಬಿಲಿಯನ್ ಡಾಲರುಗಳಿಗೆ ಕೊಂಡಿತು; ಸಿಂಹವೂ ಅದರೊಡನೆ ಹೋಯಿತು.

ಹೊಸ ಚಿತ್ರಗಳಿಗೆ ಹೊಸ ಸಿಂಹವಿರಲಿ, ಆಕ್ಷೇಪವಿಲ್ಲ. ನನ್ನ ಕಳವಳ ಹಳೆಯ ಚಿತ್ರಗಳನ್ನು ಕುರಿತದ್ದು. 1986ರಲ್ಲಿ ಟೆಡ್ ಟರ್ನರ್ ಎಂಬ ದೂರದರ್ಶನೋದ್ಯಮಿ ಸಂಸ್ಥೆಯನ್ನು ಕೊಂಡು, ಕೆಲವೇ ತಿಂಗಳಲ್ಲಿ ಅದರ ಬಹುಭಾಗವನ್ನು ಮಾರಿ, ಹಳೆಯ ಚಿತ್ರಗಳ ಭಂಡಾರವನ್ನು ಮಾತ್ರ ತನ್ನಲ್ಲಿಯೇ ಇಟ್ಟುಕೊಂಡನು. ಅದೀಗ ವಾರ್ನರ್ ಸಂಸ್ಥೆಯಲ್ಲಿದೆ. ಸಂಸ್ಥೆ ಬೆಳೆದ ಕಲ್ವರ್ ಸಿಟಿಯ ಹಳೆಯ ಸ್ಟುಡಿಯೋ ಈಗ ಸೋನಿ ಕಂಪನಿಯದು. ಎಂದರೆ, ‘ವಿಜರ್ಡ್ ಆಫ್ ಆಜ್’ ಚಿತ್ರದ ಜಾಕಿಯೂ ‘ಬೆನ್-ಹರ್’ ಚಿತ್ರದ ಲಿಯೊನೂ ಇಂದು ಬದುಕಿರುವುದು, ತಾವು ಯಾರ ಗುರುತಾಗಿದ್ದವೋ ಅವರ ಮನೆಯಲ್ಲಲ್ಲ. ಹಳೆಯ ಚಿತ್ರಗಳನ್ನು ಮರಳಿ ಬಿಡುಗಡೆ ಮಾಡುವಾಗ ಆದಿಯ ಲಾಂಛನವನ್ನು ತೆಗೆದು ಹೊಸದನ್ನು ಹಚ್ಚುವ ಅಭ್ಯಾಸ ಅಮೆರಿಕದ ಕಂಪನಿಗಳಲ್ಲಿ ಹಿಂದಿನಿಂದಲೂ ಉಂಟು. ಮಾರಾಟಗಾರನ ಕಣ್ಣಿಗೆ ಅದು ಬರಿಯ ಬೋರ್ಡು ಬದಲಾಯಿಸಿದಂತೆ. ಆದರೆ ಕಂದು ಛಾಯೆಯ ಜಾಕಿಯನ್ನು ತೆಗೆದು ಅಲ್ಲಿ ಹೊಳೆಯುವ ಹೊಸ ಸಿಂಹವನ್ನು ಕೂರಿಸಿದರೆ, ಕಾನ್ಸಸಿನ ಧೂಳಿಗೆ ಪ್ರೇಕ್ಷಕನನ್ನು ಸಿದ್ಧಪಡಿಸುವ ಮೊದಲ ಮೆಟ್ಟಿಲೇ ಹೋಗುತ್ತದೆ; ‘ಬೆನ್-ಹರ್’ ಚಿತ್ರದ ಮೊದಲಲ್ಲಿ ಗರ್ಜನೆಯನ್ನು ಸೇರಿಸಿದರೆ ವೈಲರ್ ಕೇಳಿ ಪಡೆದ ಮೌನ ಹೋಗುತ್ತದೆ. ಚಿತ್ರಗಳನ್ನು ಜೀರ್ಣೋದ್ಧಾರ ಮಾಡುವವರು ಬಣ್ಣದ ಒಂದೊಂದು ಛಾಯೆಗೂ, ಧ್ವನಿಪಥದ ಒಂದೊಂದು ಬಿರುಕಿಗೂ ತೋರಿಸುವ ಶ್ರದ್ಧೆಯನ್ನು ಈ ಮೊದಲ ಹತ್ತು ಹನ್ನೆರಡು ಕ್ಷಣಗಳಿಗೂ ತೋರಿಸಬೇಕು. ಯಾವ ಚಿತ್ರದ ಮುಂದೆ ಯಾವ ಸಿಂಹ ಕುಳಿತಿತ್ತೋ ಅದನ್ನೇ, ಅದರ ಕಾಲದ ಧ್ವನಿಯೊಡನೆ, ಅಲ್ಲಿಯೇ ಉಳಿಸಬೇಕು.